ಮಲೆನಾಡಿನಿಂದ ಬಯಲುಸೀಮೆಗೆ: ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಹಸಿರು ಕಂಡುಕೊಳ್ಳುವ ಬಗೆ

ಶಿವಮೊಗ್ಗ, ಚಿಕ್ಕಮಗಳೂರು, ಶಿರಸಿ, ಉಡುಪಿ ಕಡೆಯಿಂದ ಇಲ್ಲಿಗೆ ವರ್ಗವಾಗಿ ಬರುವವರು ಬಂದಿಳಿಯುವುದು ಸಾಮಾನ್ಯವಾಗಿ ಮೇ ಕೊನೆಗೆ ಇಲ್ಲವೇ ಜೂನ್‌ನಲ್ಲಿ. ಈ ಮೂರು ಜಿಲ್ಲೆಗಳನ್ನು ಮೊದಲ ಸಲ ನೋಡುವುದಕ್ಕೆ ಅದಕ್ಕಿಂತ ಕೆಟ್ಟ ಸಮಯ ಮತ್ತೊಂದಿಲ್ಲ. ಹೊಲವನ್ನೆಲ್ಲ ಹರಗಿ ಬಿಟ್ಟಿರುತ್ತಾರೆ, ಕಾಲುವೆ ಬಂದ್ ಆಗಿರುತ್ತದೆ, ಗುಡ್ಡದ ಮೇಲೆ ಬಂಡೆ ಬಿಟ್ಟರೆ ಏನೂ ಕಾಣುವುದಿಲ್ಲ, ಬಿಸಿಲು 40 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಹಸಿರೇ ಇಲ್ಲ ಎಂದು ಮನಸ್ಸು ಮುದುಡಿಕೊಳ್ಳುತ್ತದೆ. ಆ ತೀರ್ಮಾನವನ್ನು ಒಂದು ವರ್ಷ ಮುಂದಕ್ಕೆ ಹಾಕಿ.

ವರ್ಷಕ್ಕೆ ಇಲ್ಲಿ ಬೀಳುವ ಮಳೆ ಸುಮಾರು 500ರಿಂದ 650 ಮಿ.ಮೀ. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಇದರ ಮೂರು ಪಟ್ಟಿಗೂ ಹೆಚ್ಚು ಸುರಿಯುತ್ತದೆ. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ತಿಂಗಳಿನದು. ಜುಲೈನಲ್ಲಿ ಇಲ್ಲಿ ಮೋಡ ತಲೆ ಮೇಲೆ ಹಾದುಹೋಗುತ್ತದೆ, ಗಾಳಿ ಬೀಸುತ್ತದೆ, ಮಳೆ ಮಾತ್ರ ಹನಿಯಲ್ಲೇ ಮುಗಿಯುತ್ತದೆ. ನೆಲ ನೆನೆಯುವ ಮಳೆ ಬರುವುದು ಸೆಪ್ಟೆಂಬರ್‌ನಲ್ಲಿ. ಇಲ್ಲಿನ ರೈತರ ಲೆಕ್ಕದಲ್ಲಿ ಉತ್ತರಿ, ಹಸ್ತ ಮಳೆ. ಗುಡ್ಡ ಚಿಗುರುವುದು, ಹಳ್ಳ ಹರಿಯುವುದು, ಸಸಿ ನೆಡಬೇಕಾದದ್ದು ಎಲ್ಲವೂ ಆ ಮಳೆಗೆ ಕಟ್ಟುಬಿದ್ದಿದೆ. ಮಲೆನಾಡಿನಲ್ಲಿ ಹಸಿರನ್ನು ಹುಡುಕಿಕೊಂಡು ಹೋಗುವ ಪ್ರಶ್ನೆಯೇ ಬರುವುದಿಲ್ಲ. ಇಲ್ಲಿ ಹಸಿರಿಗೆ ವಿಳಾಸವಿದೆ, ತಿಂಗಳಿದೆ. ನೀರು ಎಲ್ಲಿ ನಿಲ್ಲುತ್ತದೆ, ಯಾವಾಗ ಬರುತ್ತದೆ ಎಂಬುದನ್ನು ಹಿಡಿದುಕೊಂಡರೆ ಹಸಿರು ತಾನಾಗಿ ಸಿಗುತ್ತದೆ. ಬಾಡಿಗೆ ಮನೆ ಹುಡುಕುವಾಗಲೇ ಈ ಲೆಕ್ಕ ಶುರುವಾಗಬೇಕು.

ಮನೆ ನೋಡಲು ಮಧ್ಯಾಹ್ನ ಮೂರಕ್ಕೆ ಹೋಗಿ

ಬ್ರೋಕರ್ ಬೆಳಿಗ್ಗೆ ಬನ್ನಿ ಎನ್ನುತ್ತಾರೆ. ಬೆಳಿಗ್ಗೆ ಎಲ್ಲ ಓಣಿಯೂ ತಂಪಾಗಿಯೇ ಇರುತ್ತದೆ. ಮಧ್ಯಾಹ್ನ ಮೂರಕ್ಕೆ ಹೋದರೆ ಯಾವ ಮರದ ನೆರಳು ಯಾವ ಗೋಡೆಯ ಮೇಲೆ ಬೀಳುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಪಡುವಣ ಗೋಡೆಗೆ ನೆರಳು ಕೊಡುವ ಒಂದು ಬೇವು ಅಥವಾ ಹೊಂಗೆ ಇದ್ದರೆ ಆ ಮನೆಗೆ ಐನೂರೋ ಸಾವಿರವೋ ಹೆಚ್ಚು ಬಾಡಿಗೆ ಕೊಟ್ಟರೂ ನಷ್ಟವಿಲ್ಲ. ಸಂಜೆ ಏಳರ ಮೇಲೂ ಬಿಸಿ ಕಾರುವುದು ಆ ಗೋಡೆಯೇ. ಮಹಡಿ ಮನೆಗಿಂತ ಅಂಗಳವಿರುವ ಕೆಳಗಿನ ಮನೆ ಒಳ್ಳೆಯದು. ಕೊನೆಯ ಮಹಡಿಯಾದರೆ ಹಗಲಿಡೀ ಕಾದ ಸ್ಲ್ಯಾಬು ರಾತ್ರಿಯಿಡೀ ಕೋಣೆಯೊಳಗೆ ಬಿಸಿ ಇಳಿಸುತ್ತದೆ. ಆದರೆ ತಾರಸಿ ನಿಮ್ಮ ಪಾಲಿಗೆ ಸಿಗುವುದೂ ಆಗಲೇ, ಆ ಲಾಭವನ್ನೂ ತೂಗಿ ನೋಡಿ.

ಹಳೆ ಊರಿನ ಕೆಲವು ಮನೆಗಳಿಗೆ ಇನ್ನೂ ಮಣ್ಣಿನ ಮಾಳಿಗೆ ಇದೆ. ಒಳಗೆ ತಂಪು, ವಾಸಕ್ಕೆ ಸುಖ. ಅದರ ಮೇಲೆ ಮಾತ್ರ ಒಂದು ಕುಂಡವನ್ನೂ ಇಡಕೂಡದು. ನೀರು ಇಳಿದರೆ ಮಾಳಿಗೆಯ ತೊಲೆ ಕೊಳೆಯುತ್ತದೆ.

ನೀರಿನ ವಿಷಯವನ್ನು ಮಾಲೀಕರಿಗಿಂತ ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ಎರಡೇ ಪ್ರಶ್ನೆ ಸಾಕು: "ಅಕ್ಕಾರ, ನಳ ಎಷ್ಟ್ ದಿನಕ್ಕೊಮ್ಮಿ ಬರ್ತಾವ್ರಿ?", "ಬೋರಿನ ನೀರಿಗೆ ಬ್ಯಾಳಿ ಕುದೀತಾವೇನ್ರಿ?" ಬೇಳೆ ಬೇಯುವುದಿಲ್ಲ ಎಂದರೆ ನೀರು ಗಡಸು, ಗಿಡಕ್ಕೂ ತೊಂದರೆಯೇ. ಬಚ್ಚಲಿನ ಬಕೆಟ್ಟಿಗೆ, ನಳದ ಮೂತಿಗೆ ಬಿಳಿ ಹೆಪ್ಪು ಕಟ್ಟಿದೆಯೇ ನೋಡಿ. ಓಣಿಯ ದಾಸವಾಳ, ಕರಿಬೇವನ್ನೂ ಗಮನಿಸಿ. ಎಲೆಯ ತುದಿಯಿಂದ ಅಂಚಿನುದ್ದಕ್ಕೂ ಸುಟ್ಟಂತೆ ಕಂದಾಗಿದ್ದರೆ ನೀರಿನಲ್ಲಿ ಉಪ್ಪಿದೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಮಣ್ಣಿನಲ್ಲಿ ಸುಣ್ಣ ಹೆಚ್ಚು. ಕಬ್ಬಿಣ ಇದ್ದರೂ ಬೇರು ಅದನ್ನು ಎಳೆದುಕೊಳ್ಳಲಾರದು. ಎರಡಕ್ಕೂ ಉಪಾಯವಿದೆ, ಮುಂದೆ ಹೇಳಿದೆ. ಮೊದಲೇ ಗೊತ್ತಿದ್ದರೆ ಯಾವ ಗಿಡ ತರಬೇಕು, ಯಾವುದು ಬೇಡ ಎಂಬುದು ತೀರ್ಮಾನವಾಗುತ್ತದೆ.

ಊರಿಂದ ಏನು ತರಬೇಕು, ಏನು ಬಿಟ್ಟು ಬರಬೇಕು

ಸಾಮಾನಿನ ಲಾರಿಯಲ್ಲಿ ಗಿಡಗಳನ್ನೂ ಹೇರಿಕೊಂಡು ಬರುವವರು ಬಹಳ ಮಂದಿ. ಅರ್ಧಕ್ಕರ್ಧ ಮೊದಲ ಬೇಸಿಗೆಯಲ್ಲೇ ಹೋಗುತ್ತವೆ, ಅದರ ಸಂಕಟ ಗಿಡ ಬೆಳೆಸಿದವರಿಗೇ ಗೊತ್ತು. ಆಂಥೂರಿಯಂ, ಬಿಗೋನಿಯ, ಜರಿಗಿಡ, ಏಲಕ್ಕಿ, ಅಡಿಕೆ ಸಸಿ, ಮೆಣಸಿನ ಬಳ್ಳಿ ಇವುಗಳನ್ನು ಊರಲ್ಲೇ ಯಾರಿಗಾದರೂ ಕೊಟ್ಟು ಬನ್ನಿ. ಇವಕ್ಕೆ ಬೇಕಾದದ್ದು ಬುಡದ ನೀರಿಗಿಂತ ಹೆಚ್ಚಾಗಿ ಗಾಳಿಯ ತೇವ. ಏಪ್ರಿಲ್‌ನ ಒಣಗಾಳಿಯಲ್ಲಿ ಬೇರು ಎಷ್ಟೇ ನೀರು ಹೀರಿದರೂ ಎಲೆ ಕಳೆದುಕೊಳ್ಳುವುದಕ್ಕೆ ಸರಿಗಟ್ಟುವುದಿಲ್ಲ. ಮಣ್ಣು ಒದ್ದೆ ಇದ್ದೂ ಎಲೆ ಜೋಲುಬಿದ್ದಾಗ ಜನ ಇನ್ನಷ್ಟು ನೀರು ಹಾಕುತ್ತಾರೆ, ಬೇರು ಕೊಳೆಯುತ್ತದೆ. ಗಿಡ ಸಾಯುವುದು ಹಾಗೆ.

ಬದಲಿಗೆ ತರಬಹುದಾದವು ಹೀಗಿವೆ. ಬಸಳೆಯನ್ನು ಖಂಡಿತ ತನ್ನಿ. ನೀರು ಕೊಟ್ಟರೆ ಇಲ್ಲಿನ ಬಿಸಿಲಿಗೆ ಊರಿಗಿಂತ ಹುಲುಸಾಗಿ ಬರುತ್ತದೆ. ಒಂದು ಅಡಿ ಉದ್ದದ ಬಲಿತ ದಂಟು ಕತ್ತರಿಸಿ, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ, ಕನಿಷ್ಠ 25 ಲೀಟರ್ ಹಿಡಿಯುವ ಟಬ್ಬಿನಲ್ಲಿ ಊರಿ. ಪಡುವಣ ಕಿಟಕಿಯ ಮುಂದೆ ಹಗ್ಗ ಇಳಿಬಿಟ್ಟು ಹಬ್ಬಿಸಿದರೆ ಸಾರಿಗೂ ಆಯಿತು, ಕಿಟಕಿಗೆ ನೆರಳೂ ಆಯಿತು. ಕೆಸುವಿನ ಗಡ್ಡೆ ತನ್ನಿ. ಪಾತ್ರೆ ತೊಳೆಯುವ ಜಾಗದ ನೆರಳಲ್ಲಿ, ತಳದಿಂದ ನಾಲ್ಕು ಇಂಚು ಮೇಲೆ ತೂತು ಮಾಡಿದ ಟಬ್ಬಿನಲ್ಲಿ ಇಟ್ಟರೆ ಕೆಳಗೆ ಸದಾ ನೀರು ನಿಂತಿರುತ್ತದೆ, ಅದಕ್ಕೆ ಬೇಕಾದದ್ದೂ ಅದೇ. ಒಂದೆಲಗಕ್ಕೆ ಆರು ಇಂಚು ಆಳದ ಅಗಲ ತಟ್ಟೆ ಸಾಕು, ಬೆಳಿಗ್ಗೆ ಹತ್ತರವರೆಗಿನ ಬಿಸಿಲು ಮಾತ್ರ ಬೀಳಬೇಕು. ಅರಿಶಿನದ ಗಡ್ಡೆಯನ್ನು ಜೂನ್‌ನಲ್ಲಿ ಚೀಲದಲ್ಲಿ ಊರಿದರೆ ನಾಗರಪಂಚಮಿಯ ಕಡುಬಿಗೆ ಎಲೆ ಸಿಗುತ್ತದೆ. ಮಜ್ಜಿಗೆ ಹುಲ್ಲು, ದೊಡ್ಡಪತ್ರೆ ಎಲ್ಲಿಟ್ಟರೂ ಬದುಕುತ್ತವೆ.

ಮಲ್ಲಿಗೆಯ ವಿಷಯದಲ್ಲಿ ಉಡುಪಿಯವರು ತಮ್ಮದೇ ಬೇಕೆನ್ನುತ್ತಾರೆ. ಆದರೆ ಹೂವಿನಹಡಗಲಿಯ ಮಲ್ಲಿಗೆ ಈ ಬಿಸಿಲಿನಲ್ಲೇ ಹುಟ್ಟಿ ಬೆಳೆದದ್ದು, ಅದಕ್ಕೂ ಭೌಗೋಳಿಕ ಮಾನ್ಯತೆ ಇದೆ, ಕಂಪಿನಲ್ಲಿ ಕಡಿಮೆಯೇನಿಲ್ಲ. ಅದನ್ನೇ ಹಾಕಿ. ಚಳಿಗಾಲದ ಕೊನೆಗೆ ಗೆಲ್ಲು ಸವರಿ ಗೊಬ್ಬರ ಕೊಟ್ಟರೆ ಬೇಸಿಗೆಯುದ್ದಕ್ಕೂ ಮೊಗ್ಗು. ಜೊತೆಗೆ ಕನಕಾಂಬರ, ಪಾರಿಜಾತ, ಕಾಗದದ ಹೂವು. ಕರಿಬೇವು, ನಿಂಬೆ, ದಾಳಿಂಬೆ, ನುಗ್ಗೆಗೆ ಈ ಸೀಮೆ ತವರಿದ್ದಂತೆ. ನುಗ್ಗೆಯನ್ನು ಮಾತ್ರ ಕಿಟಕಿಯಿಂದ ಹತ್ತು ಅಡಿಯಾದರೂ ದೂರ ನೆಡಿ, ಮಳೆಗಾಲದಲ್ಲಿ ಅದರ ಕಾಂಡಕ್ಕೆ ಕಂಬಳಿಹುಳ ಗುಂಪುಗಟ್ಟುತ್ತದೆ.

ತಾರಸಿಯ ಮೇಲೆ

ಹೊಸಬರು ಮಾಡುವ ಮೊದಲ ತಪ್ಪು ಮಣ್ಣಿನದು. ಊರ ಹೊರಗಿನ ಹೊಲದಿಂದ ಎರೆ ಮಣ್ಣು ತಂದು ಕುಂಡ ತುಂಬುತ್ತಾರೆ. ಕಪ್ಪಗೆ ಕಂಡದ್ದೆಲ್ಲ ಫಲವತ್ತು ಎಂದು ನಂಬಿಕೆ. ಹೊಲದಲ್ಲಿ ಅದು ನಿಜ. ಕುಂಡದಲ್ಲಿ ಎರೆ ಮಣ್ಣು ಒದ್ದೆಯಾದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಹಾಕಿದ ನೀರು ಆ ಸಂದಿನಲ್ಲಿ ಜಾರಿ ಕೆಳಗೆ ಹೋಗುತ್ತದೆ. ಮೇಲೆ ಒದ್ದೆ, ತಳದಲ್ಲಿ ನೀರು, ನಡುವಿನ ಬೇರಿನ ಗಡ್ಡೆ ಮಾತ್ರ ಇಟ್ಟಿಗೆಯಂತೆ ಒಣ. ನೀರು ಹಾಕಿದ ಒಂದು ನಿಮಿಷದಲ್ಲಿ ಕೆಳಗೆ ಸೋರಲು ಶುರುವಾದರೆ ಇದೇ ಆಗಿದೆ ಎಂದು ತಿಳಿಯಿರಿ.

ಬೇಕಾದದ್ದು ಮಸಾರಿ ಮಣ್ಣು, ಅಂದರೆ ಕೆಂಪು ಮಣ್ಣು. ಮಸಾರಿ ಎರಡು ಪಾಲು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು. 20 ಲೀಟರಿನ ಪ್ರತಿ ಕುಂಡಕ್ಕೆ ಎರಡು ಹಿಡಿ ಬೇವಿನ ಹಿಂಡಿ ಸೇರಿಸಿ. ನಾರಿನ ಪುಡಿಯ ಇಟ್ಟಿಗೆಯನ್ನು ಒಳ್ಳೆ ನೀರಿನಲ್ಲಿ ನೆನೆಸಿ ಹಿಂಡಿ, ಆ ನೀರು ಚೆಲ್ಲಿ, ಮತ್ತೊಮ್ಮೆ ನೆನೆಸಿ ಹಿಂಡಿ, ಅದರಲ್ಲೂ ಉಪ್ಪಿರುತ್ತದೆ. ಗೊಬ್ಬರ ಕಳಿತಿಲ್ಲವಾದರೆ ಬಿಸಿಯೇರಿ ಬೇರು ಸುಡುತ್ತದೆ. ಹಿಡಿಯಲ್ಲಿ ಹಿಂಡಿ ಮೂಸಿದರೆ ಮಣ್ಣಿನ ವಾಸನೆ ಬರಬೇಕು, ಸಗಣಿಯದ್ದಲ್ಲ.

ಮಣ್ಣಿನ ಮೇಲೆ ಎರಡು ಇಂಚು ಹೊದಿಕೆ ಕಡ್ಡಾಯ. ಬಳ್ಳಾರಿಯಲ್ಲಿ ಶೇಂಗಾ ಸಿಪ್ಪೆ ಸಿಗುತ್ತದೆ, ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈಸ್ ಮಿಲ್ಲುಗಳಲ್ಲಿ ಭತ್ತದ ಹೊಟ್ಟು ಚೀಲಗಟ್ಟಲೆ ಸಿಗುತ್ತದೆ. ಹಸಿ ಹೊಟ್ಟನ್ನು ಮೇಲೆ ಹರಡಿ, ಮಣ್ಣಿಗೆ ಕಲಸಬೇಡಿ. ಕೊಳೆಯುವಾಗ ಸಾರಜನಕ ಎಳೆದುಕೊಂಡು ಗಿಡವನ್ನು ಹಳದಿ ಮಾಡುತ್ತದೆ. ಮಿಲ್ಲಿನ ಬೂದಿ ಬೇಡವೇ ಬೇಡ. ಇಲ್ಲಿನ ಮಣ್ಣೂ ನೀರೂ ಮೊದಲೇ ಕ್ಷಾರ, ಬೂದಿ ಅದನ್ನು ಏರಿಸುತ್ತದೆ.

ಕುಂಡ ಯಾವುದಾದರೂ ಆಗಬಹುದು, ಕಪ್ಪು ಪ್ಲಾಸ್ಟಿಕ್ ಹೊರತು. ಬಿಳಿ ಗ್ರೋಬ್ಯಾಗ್ ಒಳ್ಳೆಯದು. ಸಿಮೆಂಟಿನ ಕುಂಡ ಇದ್ದರೆ ಹೊರಗೆ ಎರಡು ಕೋಟು ಸುಣ್ಣ ಬಳಿಯಿರಿ. ಪ್ರತಿ ಕುಂಡದ ಕೆಳಗೆ ಎರಡು ಇಟ್ಟಿಗೆ ಇಡಿ. ಸ್ಲ್ಯಾಬಿನ ಕಾವು ನೇರ ಬೇರಿಗೆ ತಾಗದು, ಸೋರಿದ ನೀರು ನಿಲ್ಲದು. ತೇವದ ಮಣ್ಣು ತುಂಬಿದ 20 ಲೀಟರಿನ ಚೀಲ 25 ಕೆ.ಜಿ. ಆಸುಪಾಸು ತೂಗುತ್ತದೆ. ಆದ್ದರಿಂದ ನಡುತಾರಸಿ ಬಿಟ್ಟು, ಕೆಳಗೆ ಗೋಡೆ ಅಥವಾ ತೊಲೆ ಇರುವ ಸಾಲಿನ ಮೇಲೆ ಜೋಡಿಸಿ. ಬಿಡಿ ಬಿಡಿಯಾಗಿ ಇಡುವ ಬದಲು ಒತ್ತೊತ್ತಾಗಿ ಇಟ್ಟರೆ ಒಂದರ ನೆರಳು ಇನ್ನೊಂದರ ಕುಂಡಕ್ಕೆ ಬೀಳುತ್ತದೆ. ಮೇಯಲ್ಲಿ ಗಿಡ ಸಾಯುವುದು ಬಹುಪಾಲು ಬೇರು ಬೆಂದು. ಪಡುವಣ ದಿಕ್ಕಿನ ಕುಂಡದ ಹೊರಮೈ ಮುಟ್ಟಿ ನೋಡಿ, ಕೈ ಇಡಲಾಗದಿದ್ದರೆ ಒಳಗಿನ ಬೇರಿಗೂ ಅದೇ ಗತಿ.

ನೆರಳು ಪರದೆಯನ್ನು ಫೆಬ್ರವರಿ ಕೊನೆಗೆ ಕಟ್ಟಿ, ಮೋಡ ಕವಿದ ಮೇಲೆ ಜುಲೈನಲ್ಲಿ ಬಿಚ್ಚಿ. ಸೊಪ್ಪು, ಕೆಸು, ಅರಿಶಿನಕ್ಕೆ ಶೇಕಡ 50ರದು; ಬದನೆ, ಮೆಣಸಿನಕಾಯಿ, ಟೊಮೆಟೊಗೆ ಶೇಕಡ 35ರದು ಸಾಕು. ಗಿಡದಿಂದ ಕನಿಷ್ಠ ಮೂರು ಅಡಿ ಮೇಲೆ, ನೆಲದಿಂದ ಏಳೆಂಟು ಅಡಿ ಎತ್ತರದಲ್ಲಿರಲಿ, ತಗ್ಗಾದರೆ ಕೆಳಗೆ ಕಾವು ಕೂಡುತ್ತದೆ. ಏಪ್ರಿಲ್-ಮೇ ಸಂಜೆಗಳಲ್ಲಿ ಧೂಳಿನ ಬಿರುಗಾಳಿ ಏಕಾಏಕಿ ಎದ್ದು, ಬಿಗಿಯಾಗಿ ಮೊಳೆ ಹೊಡೆದ ಪರದೆಯನ್ನು ಹರಿದು ಪಕ್ಕದ ಓಣಿಗೆ ಒಯ್ಯುತ್ತದೆ. ಅಂಚನ್ನು ಎರಡು ಸುತ್ತು ಮಡಚಿ ಹೊಲಿಸಿ, ಹಗ್ಗದಿಂದ ಸ್ವಲ್ಪ ಸಡಿಲ ಬಿಟ್ಟು ಕಟ್ಟಿ.

ನೀರು ಹಾಕುವುದರಲ್ಲೇ ಎಲ್ಲ ಇದೆ

ಬೆಳಿಗ್ಗೆ ಏಳರೊಳಗೆ ಹಾಕಿ. ಬೆರಳನ್ನು ಎರಡು ಇಂಚು ಮಣ್ಣೊಳಗೆ ಇಳಿಸಿ, ತೇವ ತಾಗಿದರೆ ಅಂದು ಬೇಡ. 20 ಲೀಟರಿನ ಕುಂಡಕ್ಕೆ ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಒಂದೂವರೆ ಲೀಟರ್, ಏಪ್ರಿಲ್-ಮೇಯಲ್ಲಿ ದಿನಾ ಅಷ್ಟು, ಬಸಳೆಯಂಥದ್ದಕ್ಕೆ ಸಂಜೆ ಇನ್ನೊಮ್ಮೆ. ತಾರಸಿಯ ಮೇಲೆ ಬಿದ್ದಿರುವ ಪೈಪಿನಲ್ಲಿ ನಿಂತ ನೀರು ಮಧ್ಯಾಹ್ನದ ಹೊತ್ತಿಗೆ ಕೈ ಸುಡುತ್ತದೆ, ಸಂಜೆ ಐದರಲ್ಲೂ ತಣಿದಿರುವುದಿಲ್ಲ. ಆ ನೀರನ್ನು ಮೊದಲು ಒಂದು ಬಕೆಟ್ಟಿಗೆ ಬಿಡಿ, ಪೈಪಿನ ಬಾಯಿಗೆ ತಣ್ಣನೆ ನೀರು ಬಂದ ಮೇಲೆ ಗಿಡದ ಕಡೆ ತಿರುಗಿಸಿ. ಬೇಸಿಗೆಯಲ್ಲಿ ಎಳೆ ಸಸಿಗಳು ಸಂಜೆ ನೀರು ಹಾಕಿದ ಮೇಲೆಯೇ ಬಾಡುತ್ತಿದ್ದರೆ ಕಾರಣ ಇದೇ.

ಬೋರಿನ ನೀರೇ ಗತಿ ಎಂದಾದರೆ ಉಪ್ಪು ಕೂಡಿಕೊಳ್ಳುತ್ತಲೇ ಹೋಗುತ್ತದೆ. ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪೊರೆ ಕಂಡರೆ ಮೇಲಿನ ಅರ್ಧ ಇಂಚು ಕೆರೆದು ತೆಗೆದು, ನಳದ ನೀರು ಬಂದ ದಿನ ಕುಂಡದ ಅಳತೆಯ ಎರಡು ಪಟ್ಟು ನೀರನ್ನು ನಿಧಾನವಾಗಿ ಸುರಿದು ಉಪ್ಪನ್ನು ತಳದಿಂದ ಹೊರಗೆ ಹರಿಸಿ. ಎರಡು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ಒಂದು ಒಳ್ಳೆ ಮಳೆಯಲ್ಲಿ ಕುಂಡಗಳನ್ನು ತೆರೆದಿಟ್ಟರೆ ಅದೇ ಕೆಲಸ ಆಗುತ್ತದೆ, ಹೀಗಾಗಿ ಸೆಪ್ಟೆಂಬರ್‌ನಲ್ಲಿ ಗಿಡಗಳನ್ನು ಸೂರಿನ ಕೆಳಗೆ ಇಡಬೇಡಿ.

ಮನೆಯ ಬೇರೆ ನೀರುಗಳಲ್ಲಿ ಯಾವುದು ಆಗುತ್ತದೆ, ಯಾವುದು ಆಗದು ಎಂಬುದರಲ್ಲಿ ಗೊಂದಲವಿದೆ. ಅಕ್ಕಿ ತೊಳೆದ, ಕಾಯಿಪಲ್ಲೆ ತೊಳೆದ ನೀರು ಒಳ್ಳೆಯದು. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ, ಅದನ್ನು ಹಿಡಿದಿಟ್ಟು ಒಂದೆಲಗ, ಕೆಸುವಿಗೆ ಹಾಕಿ. ಏರ್ ಕೂಲರ್ ತಳದ ನೀರು ಹಾಗಲ್ಲ: ನೀರು ಆವಿಯಾಗಿ ಉಪ್ಪೆಲ್ಲ ಅಲ್ಲೇ ಉಳಿದು ದಪ್ಪಗಾಗಿರುತ್ತದೆ, ಅದನ್ನು ಬಚ್ಚಲಿಗೆ ಚೆಲ್ಲಿ. ಆರ್.ಓ. ಯಂತ್ರ ಹೊರಬಿಡುವ ನೀರೂ ಅದೇ ಜಾತಿ, ನೆಲ ಒರೆಸಲಿಕ್ಕೆ ಸರಿ.

ಎಳೆ ಎಲೆ ಹಳದಿ, ನರ ಹಸಿರು ಎಂಬ ರೋಗಕ್ಕೆ ಅನ್ನಭೇದಿ (ಫೆರಸ್ ಸಲ್ಫೇಟ್) ಮದ್ದು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ಸಂಜೆ ಎಲೆಯ ಮೇಲೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಗೋಡೆಗೆ, ಬಟ್ಟೆಗೆ ತಾಗಿದರೆ ತುಕ್ಕಿನ ಕಲೆ ಹೋಗದು. ಬೇಸಿಗೆಯಲ್ಲಿ ಎಲೆಯ ಅಡಿ ನವಿರಾದ ಬಲೆ, ಮೇಲೆ ಸಣ್ಣ ಬಿಳಿ ಚುಕ್ಕೆ ಕಂಡರೆ ನುಸಿ; ಒಣ ಬಿಸಿಲಿನಲ್ಲಿ ಬಹಳ ಬೇಗ ಹೆಚ್ಚುತ್ತದೆ. ವಾರಕ್ಕೆ ಮೂರು ಬೆಳಿಗ್ಗೆ ಎಲೆಯ ಅಡಿಗೆ ನೀರು ರಭಸವಾಗಿ ಚಿಮ್ಮಿಸಿದರೆ ಬಹುಪಾಲು ಹತೋಟಿಗೆ ಬರುತ್ತದೆ. ದಾಸವಾಳದ ಹಿಟ್ಟುತಿಗಣೆಗೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರವ. ಹಗಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಗಣಿ ಲಾರಿ ಓಡಾಡುವ ರಸ್ತೆಯ ಮನೆಯಾದರೆ ವಾರಕ್ಕೊಮ್ಮೆ ಎಲ್ಲ ಎಲೆ ತೊಳೆಯಬೇಕು, ಕೆಂಧೂಳು ಕೂತ ಎಲೆಗೆ ಬೆಳಕು ತಾಗುವುದಿಲ್ಲ.

ಸೊಪ್ಪು ತರಕಾರಿಯನ್ನು ಬಂದ ಕೂಡಲೇ ಮೇಯಲ್ಲಿ ಬಿತ್ತಬೇಡಿ. ಹರಿವೆ, ಬೆಂಡೆ, ಬಸಳೆಗೆ ಜುಲೈ. ಮೆಂತ್ಯ, ಪಾಲಕ್, ಕೊತ್ತಂಬರಿ, ಟೊಮೆಟೊಗೆ ಅಕ್ಟೋಬರ್. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಇಲ್ಲಿನ ತಾರಸಿ ಮಲೆನಾಡಿನ ಯಾವ ಹಿತ್ತಲಿಗೂ ಕಡಿಮೆಯಿಲ್ಲ: ಬಿಸಿಲು ಧಾರಾಳ, ಕೊಳೆರೋಗ ಕಡಿಮೆ.

ಮನೆ ಮುಂದೆ ಒಂದು ಮರ

ಬೇವು, ಹೊಂಗೆ, ನೇರಳೆ, ಆಕಾಶಮಲ್ಲಿಗೆ, ಕಕ್ಕೆ ಇವುಗಳಲ್ಲಿ ಒಂದನ್ನು ಆರಿಸಿ. ವಿದ್ಯುತ್ ತಂತಿಯ ಕೆಳಗಾದರೆ ಪಾರಿಜಾತದಂಥ ಗಿಡ್ಡದ್ದು. ಕೊನೊಕಾರ್ಪಸ್ ಬೇಗ ಹಸಿರಾಗುತ್ತದೆಂದು ನೆಡುವವರು ಬಹಳ, ಅದರ ಬೇರು ಪೈಪು, ಚರಂಡಿಗೆ ನುಗ್ಗುತ್ತದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು.

ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಡುವ ಉತ್ಸಾಹ ಇಲ್ಲಿಗೆ ಹೊಂದುವುದಿಲ್ಲ. ಜೂನ್‌ನ ಒಂದೆರಡು ಮಳೆ ಆಸೆ ಹುಟ್ಟಿಸಿ ಹೋದರೆ ಮುಂದೆ ಐದಾರು ವಾರ ಬರೀ ಗಾಳಿ. ಸಸಿಯನ್ನು ಅರಣ್ಯ ಇಲಾಖೆ ಅಥವಾ ತೋಟಗಾರಿಕೆ ಇಲಾಖೆಯ ಸಸ್ಯಕ್ಷೇತ್ರದಿಂದ ಜೂನ್‌ನಲ್ಲೇ ತಂದು ಮನೆಯಲ್ಲಿ ನೆರಳಿನಲ್ಲಿಟ್ಟುಕೊಳ್ಳಿ, ಆಗಲೇ ಆರಿಸಲು ಸಿಗುವುದು. ನೆಡುವುದು ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ. ಗುಂಡಿಯನ್ನು ಮಾತ್ರ ಮೇಯಲ್ಲೇ ಮೂರು ಅಡಿ ಉದ್ದ, ಅಗಲ, ಆಳಕ್ಕೆ ತೋಡಿ ಬಿಸಿಲಿಗೆ ಬಿಡಿ. ಎರೆ ನೆಲವಾದರೆ ತೆಗೆದ ಮಣ್ಣಿನ ಅರ್ಧದಷ್ಟಕ್ಕೆ ಮಸಾರಿ ಸೇರಿಸಿ, ಎರಡು ಬುಟ್ಟಿ ಗೊಬ್ಬರ, ಅರ್ಧ ಕೆ.ಜಿ. ಬೇವಿನ ಹಿಂಡಿ ಹಾಕಿ ತುಂಬಿ. ಸಸಿಯ ಬುಡ ಸುತ್ತಲಿನ ನೆಲಕ್ಕಿಂತ ನಾಲ್ಕು ಇಂಚು ಎತ್ತರದಲ್ಲಿರಲಿ. ಎರೆಯಲ್ಲಿ ಹಸ್ತ ಮಳೆಯ ನೀರು ದಿನಗಟ್ಟಲೆ ನಿಲ್ಲುತ್ತದೆ, ತಗ್ಗಿನಲ್ಲಿದ್ದ ಸಸಿ ಕೊಳೆಯುತ್ತದೆ. ಊರುಗೋಲನ್ನು ಪಡುವಣ ಬದಿಗೆ ನೆಟ್ಟು ಎಂಟರ ಆಕಾರದಲ್ಲಿ ಸಡಿಲ ಕಟ್ಟಿ.

ಬುಡದಿಂದ ಒಂದೂವರೆ ಅಡಿ ದೂರ ಐದಾರು ಲೀಟರಿನ ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂಳಿ ನೀರು ತುಂಬಿ, ಸೊಳ್ಳೆ ಸೇರದಂತೆ ಬಾಯಿಗೆ ಮುಚ್ಚಳ ಹಾಕಿ. ಗಡಿಗೆ ಸುಟ್ಟ ಬರಿ ಮಣ್ಣಿನದಾಗಿರಬೇಕು, ಬಣ್ಣ ಬಳಿದದ್ದು ಜಿನುಗುವುದಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ಒಂದೇ ದಿನದಲ್ಲಿ ಬರಿದಾದರೆ ಗಡಿಗೆ ಒಡೆದಿದೆ. ಬೇಸಿಗೆಯಲ್ಲಿ ಇದರ ಜೊತೆಗೆ ವಾರಕ್ಕೆರಡು ಸಲ 15 ಲೀಟರ್. ಮಾರ್ಚ್‌ನಿಂದ ಎರೆ ನೆಲ ಬಿರುಕು ಬಿಡುತ್ತದೆ, ಕೈ ಒಳಗೆ ಹೋಗುವಷ್ಟು ಅಗಲವಾಗಿ. ಆ ಬಿರುಕಿನಲ್ಲಿ ಎಳೆ ಬೇರು ಹರಿಯುತ್ತದೆ, ಉಳಿದದ್ದು ಬಿಸಿಗಾಳಿಗೆ ಒಣಗುತ್ತದೆ. ಬಿರುಕು ಕಂಡ ಕೂಡಲೇ ಪುಡಿಮಣ್ಣು ತುಂಬಿ, ಬುಡದ ಸುತ್ತ ಮೂರು ಅಡಿ ಹೊಟ್ಟು ಹೊದಿಸಿ. ಆಡು, ದನಕ್ಕೆ ಕಬ್ಬಿಣದ ಬೇಲಿಗಿಂತ ಬಳ್ಳಾರಿ ಜಾಲಿಯ ಮುಳ್ಳು ವಾಸಿ, ಊರ ಸುತ್ತ ಬೇಕಾದಷ್ಟಿದೆ. ಎರಡು ಬೇಸಿಗೆ ದಾಟಿಸಿದರೆ ಬೇವು, ಹೊಂಗೆ ಆಮೇಲೆ ತಮ್ಮಷ್ಟಕ್ಕೆ ಬದುಕಿಕೊಳ್ಳುತ್ತವೆ.

ಹೊರಗೆ: ನೀರಿನ ಜಾಡು ಹಿಡಿದು

ಫೋನಿನಲ್ಲಿ ಉಪಗ್ರಹ ನಕ್ಷೆ ತೆರೆದು ನಿಮ್ಮ ಊರಿನ ಸುತ್ತ 30 ಕಿ.ಮೀ. ನೋಡಿ. ಕಂದು ಬಣ್ಣದ ನಡುವೆ ಹಸಿರು ಗೆರೆ ಕಂಡರೆ ಕಾಲುವೆ ಅಥವಾ ಹಳ್ಳ. ಕೆರೆಯ ನೀಲಿಗಿಂತ ಏರಿಯ ಕೆಳಬದಿ ಮುಖ್ಯ. ಜಿನುಗಿದ ನೀರಿಗೆ ಅಲ್ಲಿ ಬಾವಿ, ತೆಂಗು, ಬಾಳೆ ಇರುತ್ತವೆ. ಹಳೆ ಗುಡಿ, ಮಠ, ದರ್ಗಾಗಳ ಆವರಣದಲ್ಲಿ ಆಲ, ಅರಳಿ, ಬನ್ನಿ, ಹುಣಸೆ ಉಳಿದುಕೊಂಡಿವೆ. ಕಟ್ಟೆಯ ಮೇಲೆ ಕೂರುವಾಗ ಚಪ್ಪಲಿ ಕೆಳಗೆ ಬಿಡಿ, ಬನ್ನಿಯ ಟೊಂಗೆ ಮುರಿಯಬೇಡಿ.

ರಾಯಚೂರಿನವರಿಗೆ ಲಿಂಗಸುಗೂರು ರಸ್ತೆಯ ಕೃಷಿ ವಿಶ್ವವಿದ್ಯಾಲಯದ ಆವರಣ ಹತ್ತಿರದ ಹಸಿರು, ಒಳಗೆ ಹೋಗುವ ಮುನ್ನ ಗೇಟಿನಲ್ಲಿ ಕೇಳಿ. ಊರೊಳಗೆ ಮಾವಿನಕೆರೆ. ಮಳೆ ಹಿಡಿದ ಮೇಲೆ ಲಿಂಗಸುಗೂರು ತಾಲೂಕಿನ ಗುಂಡಲಬಂಡೆ ಜಲಪಾತ, ಕೃಷ್ಣೆಯ ನಡುಗಡ್ಡೆಯ ಜಲದುರ್ಗ. ಸಿಂಧನೂರು, ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ಕೊಪ್ಪಳದವರಿಗೆ ಹುಲಿಕೆರೆ, ಗವಿಮಠದ ಕೆರೆ. ಮುನಿರಾಬಾದ್ ದಾಟಿದರೆ ಆನೆಗೊಂದಿ, ಸಣಾಪುರದ ಬಾಳೆ ತೋಟಗಳು. ಮಳೆಗಾಲದಲ್ಲಿ ಕುಷ್ಟಗಿ ತಾಲೂಕಿನ ಕಬ್ಬರಗಿಯ ಕಪಿಲತೀರ್ಥ.

ಬಳ್ಳಾರಿಗೆ ಸಂಡೂರೇ ಮಲೆನಾಡು. ತೋರಣಗಲ್ಲು ಮೇಲೆ ಹೋದರೆ ಒಂದೂವರೆ ಗಂಟೆ. ಲಾರಿ ಕಡಿಮೆ ಇರುವ ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಡಿ. 1934ರಲ್ಲಿ ಇಲ್ಲಿಗೆ ಬಂದಿದ್ದ ಗಾಂಧೀಜಿ ಸಂಡೂರನ್ನು ಸೆಪ್ಟೆಂಬರ್‌ನಲ್ಲಿ ನೋಡಬೇಕು ಎಂದರೆಂಬ ಮಾತು ಈ ಭಾಗದವರ ಬಾಯಲ್ಲಿದೆ, ಅದನ್ನು ಅಕ್ಷರಶಃ ಪಾಲಿಸಿ. ಕುಮಾರಸ್ವಾಮಿ ಗುಡಿಯ ದಾರಿಯ ಕಾಡು, ನಾರಿಹಳ್ಳದ ಜಲಾಶಯ ಆ ತಿಂಗಳು ಮೋಡದೊಳಗಿರುತ್ತವೆ. ಅದೇ ಕಾಡು ಏಪ್ರಿಲ್‌ನಲ್ಲಿ ಎಲೆಯುದುರಿ ನಿಂತಿರುತ್ತದೆ, ಆಗ ಹೋಗಿ ನಿರಾಶರಾಗಬೇಡಿ. ದರೋಜಿ ಕರಡಿಧಾಮಕ್ಕೆ ಮಧ್ಯಾಹ್ನದ ಮೇಲೆ ಹೋಗಬೇಕು, ಕರಡಿಗಳು ಬಂಡೆಗೆ ಬರುವುದು ಆಗ. 1994ರಲ್ಲಿ ಘೋಷಣೆಯಾದ ಈ ಧಾಮದಲ್ಲಿ ಕುರುಚಲು ಕಾಡನ್ನು ಅದರ ಪಾಡಿಗೆ ಬಿಟ್ಟರೆ ಎಷ್ಟು ದಟ್ಟವಾಗುತ್ತದೆ ಎಂಬುದನ್ನು ನೋಡಬಹುದು.

ಜುಲೈ ಹೊತ್ತಿಗೆ ತುಂಗಭದ್ರಾ ಅಣೆಕಟ್ಟೆಯಿಂದ ಕಾಲುವೆಗೆ ನೀರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಆ ದಿನಾಂಕ ಬರೆದಿಟ್ಟುಕೊಂಡು ಆರೇಳು ವಾರ ಬಿಟ್ಟು ಕಂಪ್ಲಿ-ಗಂಗಾವತಿ ಅಥವಾ ಸಿರುಗುಪ್ಪದ ದಾರಿಯಲ್ಲಿ ಹೋಗಿ. ಕಣ್ಣು ಹರಿದಷ್ಟು ದೂರ ಭತ್ತ, ಕರಾವಳಿಯ ಗದ್ದೆಗಿಂತ ಎಷ್ಟೋ ವಿಸ್ತಾರ. ಕಾಲುವೆಯ ಇಳಿಜಾರು ಗೋಡೆಗೆ ಪಾಚಿ ಹಿಡಿದಿರುತ್ತದೆ, ಜಾರಿದರೆ ಹಿಡಿಯಲು ಏನೂ ಸಿಗದು. ಮಕ್ಕಳನ್ನು ಅಂಚಿಗೆ ಬಿಡಬೇಡಿ. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಮಲೆನಾಡಿನ ಹೊಳೆಯಂತೆ ಇಳಿದು ಈಜುವ ಜಾಗ ಇದಲ್ಲ. ಅಣೆಕಟ್ಟೆಯಿಂದ ಕಂಪ್ಲಿಯವರೆಗಿನ 34 ಕಿ.ಮೀ. ನದಿಪಾತ್ರ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಬೆಳಗಿನ ಹೊತ್ತು ಬಂಡೆಗಳ ಮೇಲೆ ಸುಮ್ಮನೆ ಕೂತರೆ ಕಂಡಾವು. ಆನೆಗೊಂದಿಯ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ, ಸೂರ್ಯ ಮುಳುಗುವ ಮುನ್ನ ಇಳಿದುಬಿಡಿ.

ಕಾಲುವೆ ಇಲ್ಲದ ಎರೆ ಸೀಮೆಯ ಹಸಿರು ಚಳಿಗಾಲದ್ದು. ಹಸ್ತ ಮಳೆಯ ತೇವವನ್ನು ಹಿಡಿದಿಟ್ಟುಕೊಂಡ ಆ ನೆಲದಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆ ಒಂದು ಹನಿ ನೀರಿಲ್ಲದೆ ಹುಲುಸಾಗಿ ಬರುತ್ತವೆ. ಡಿಸೆಂಬರ್ ಅಥವಾ ಜನವರಿಯಲ್ಲಿ ಬರುವ ಎಳ್ಳಮಾವಾಸ್ಯೆಯಂದು ರೈತರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಹೊಲದ ತುಂಬ ಎಡೆ ಎರಚಿ) ಅಲ್ಲೇ ಉಣ್ಣುತ್ತಾರೆ. ಆಫೀಸಿನಲ್ಲಿ ಹೊಲವಿರುವ ಸಹೋದ್ಯೋಗಿ ಒಬ್ಬರಾದರೂ ಇದ್ದೇ ಇರುತ್ತಾರೆ. "ಬರ್ರಿ, ಹೊಲಕ್ಕ ಹೋಗೂಣು" ಎಂದು ಕರೆದರೆ ಸಂಕೋಚಪಡದೆ ಮಕ್ಕಳೊಂದಿಗೆ ಹೋಗಿ. ಮುಂದಿನ ವಾರಗಳಲ್ಲಿ ಸೀತನಿ (ಸುಟ್ಟ ಎಳೆ ಜೋಳದ ತೆನೆಯ ಕಾಳು), ಸುಲಗಾಯಿ (ಹಸಿ ಕಡಲೆ) ತಿನ್ನಲು ಮತ್ತೆ ಕರೆ ಬರುತ್ತದೆ.

ಇನ್ನು ಮಾರ್ಚ್. ಹೊಸಬರು ಇದನ್ನು ಬೇಸಿಗೆಯ ಶುರು ಎಂದು ಬಾಗಿಲು ಹಾಕಿಕೊಳ್ಳುತ್ತಾರೆ. ಬೋಳಾಗಿದ್ದ ಬೇವು ಯುಗಾದಿಗೆ ಮುಂಚೆ ಕೆಂಪು ಮಿಶ್ರಿತ ಚಿಗುರು ತಳೆದು ಹೂವಾಗುತ್ತದೆ. ಹೊಂಗೆ ಹಳೆ ಎಲೆ ಉದುರಿಸಿ ಕೆಲವೇ ದಿನಗಳಲ್ಲಿ ಎಣ್ಣೆ ಸವರಿದಂಥ ಎಳೆ ಹಸಿರು ತುಂಬಿಕೊಳ್ಳುತ್ತದೆ, ಬೆಳಕು ಎಲೆಯೊಳಗಿಂದಲೇ ಬರುವಂತೆ ಕಾಣುತ್ತದೆ. ಮಳೆಗೆ ಕಾಯದೆ, ಆಳದ ಬೇರಿನ ನೀರಿನಿಂದ ಬರುವ ಈ ಚಿಗುರು ಏಪ್ರಿಲ್ ಹೊತ್ತಿಗೆ ಬಲಿತು ಕಡುಹಸಿರಾಗುತ್ತದೆ. ಅದನ್ನು ನೋಡಬೇಕಾದರೆ ಮಾರ್ಚ್‌ನಲ್ಲಿ ದಿನಾ ಬೆಳಿಗ್ಗೆ ಆರೂವರೆಯಿಂದ ಏಳೂವರೆಯೊಳಗೆ ನಿಮ್ಮ ಓಣಿಯಲ್ಲೇ ನಡೆಯಿರಿ. ಬಳ್ಳಾರಿಯಲ್ಲಾದರೆ ಕಂಟೋನ್ಮೆಂಟ್ ಕಡೆಯ ಹಳೆ ಮರಗಳ ರಸ್ತೆಗೆ ಹೋಗಿ. ಎಂಟು ಗಂಟೆಗೆಲ್ಲ ಬಿಸಿಲು ಏರಿಬಿಡುತ್ತದೆ.